ಸತ್ತವರ ಹೆಸರು, ಬದುಕಿದವರ ವೋಟು

ನಮ್ಮ ದೇಶದ ಮೊದಲ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಗಿತ್ತು. ಬರೆದುಕೊಳ್ಳಲು ಬಂದವರ ಮುಂದೆ ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂದರು. ಹೆಚ್ಚಿನವರು ಉತ್ತರ ಭಾರತದವರು. ಅದು ಹೆಸರಲ್ಲ, ಸ್ವಂತ ಹೆಸರೇ ಬೇಕು ಅಂತ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. 1951-52ರ ಆ ಚುನಾವಣೆಯ ಹೊತ್ತಿಗೆ ನಮ್ಮ ವಯನಾಡು ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯಲ್ಲಿತ್ತು.

ಅಂದಿನಿಂದ ಇಂದಿನವರೆಗೂ ಪಟ್ಟಿಯ ತಪ್ಪು ಎರಡೇ ಬಗೆ. ಇರಬೇಕಾದವರು ಇಲ್ಲದಿರುವುದು ಒಂದು, ಇರಬಾರದವರು ಇರುವುದು ಇನ್ನೊಂದು. ಗಲಾಟೆ ಜಾಸ್ತಿ ಆಗುವುದು ಎರಡನೆಯದರ ಬಗ್ಗೆ.

ಕಾಸರಗೋಡಿನ ಮಂಜೇಶ್ವರದ ಕಥೆ ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. 2016ರ ವಿಧಾನಸಭಾ ಚುನಾವಣೆಯಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಅಂತರ ಬರೀ 89. ಸತ್ತವರ ಹೆಸರಲ್ಲಿ, ಪರದೇಶದಲ್ಲಿರುವವರ ಹೆಸರಲ್ಲಿ 259 ಕಳ್ಳವೋಟು ಬಿದ್ದಿದೆ ಅಂತ ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸಮನ್ಸ್ ಹೊರಟಿತು. ಸತ್ತಿದ್ದಾರೆ ಅಂತ ದೂರಿನಲ್ಲಿ ಹೇಳಿದ್ದವರಲ್ಲೇ ಕೆಲವರು ಸಮನ್ಸನ್ನು ತಾವೇ ಕೈಯಾರೆ ತೆಗೆದುಕೊಂಡರು! 2018ರಲ್ಲಿ ರಜಾಕ್ ತೀರಿಕೊಂಡರು. ಸಾಕ್ಷಿಗಳನ್ನೆಲ್ಲ ಹಾಜರುಪಡಿಸುವುದು ಕಷ್ಟವಾಗಿ 2019ರಲ್ಲಿ ಅರ್ಜಿ ವಾಪಸಾಯಿತು. ಕಳ್ಳವೋಟು ಬಿದ್ದಿತ್ತೋ ಇಲ್ಲವೋ, ತೀರ್ಪೇ ಬರಲಿಲ್ಲ. ಪಟ್ಟಿ ಅಚ್ಚುಕಟ್ಟಾಗಿದ್ದಿದ್ದರೆ ಇಷ್ಟು ದೂರ ಹೋಗಬೇಕಿತ್ತೇ? ಗೆದ್ದವನ ಗೆಲುವಿಗೂ ಸೋತವನ ದೂರಿಗೂ ಅದರಿಂದ ಬೆಲೆ ಉಳಿಯುತ್ತಿತ್ತು.

2021ರಲ್ಲಿ ಅದೇ ಜಿಲ್ಲೆಯ ಉದುಮದಲ್ಲಿ ಒಬ್ಬ ಮಹಿಳೆಯ ಹೆಸರು ಐದು ಸಲ ಇರುವುದು ಹೊರಬಿತ್ತು. ರಾಜ್ಯದಲ್ಲಿ 4.34 ಲಕ್ಷ ಇಮ್ಮಡಿ ಹೆಸರುಗಳಿವೆ ಅಂದರು ಆಗಿನ ವಿರೋಧ ಪಕ್ಷದ ನಾಯಕ ರಮೇಶ್ ಚೆನ್ನಿತ್ತಲ. ಚುನಾವಣಾ ಆಯೋಗ ಹೈಕೋರ್ಟಿಗೆ ಕೊಟ್ಟ ಲೆಕ್ಕ 38,586. ಎರಡು ಲೆಕ್ಕಕ್ಕೂ ಅಜಗಜಾಂತರ. ಅಂಥ ಹೆಸರಿನವರು ಬೂತಿಗೆ ಬಂದರೆ ಫೋಟೋ ತೆಗೆಯಬೇಕು, ಒಂದೇ ವೋಟು ಹಾಕುತ್ತೇನೆ ಅಂತ ಬರೆಸಿಕೊಳ್ಳಬೇಕು ಅಂತ ಕೊನೆಗೆ ತೀರ್ಮಾನವಾಯಿತು. ಹೆಸರು ಎರಡು ಕಡೆ ಇದ್ದ ಮಾತ್ರಕ್ಕೆ ವೋಟು ಎರಡು ಬಿತ್ತು ಅಂತಲ್ಲ. ನಡುವೆ ಬೆರಳಿನ ಶಾಯಿ ಇದೆ. 1962ರಿಂದ ಅದು ನಮ್ಮ ಪಕ್ಕದ ಮೈಸೂರಿನಿಂದಲೇ ಬರುತ್ತಿದೆ. ಆದರೆ ಹಳೇ ಪಟ್ಟಿ ಅಗುಳಿ ಹಾಕದ ಬಾಗಿಲು. ಕಳ್ಳ ಬರದಿದ್ದರೂ ಮನೆಯವರಿಗೆ ನಿದ್ದೆ ಬಾರದು.

ಹಾಗಾದರೆ ಹೆಸರು ತೆಗೆದುಬಿಟ್ಟರೆ ಆಯಿತಲ್ಲ ಅನ್ನುತ್ತೀರಿ. ಅದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ನೋಡಿ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರಿ ಅಂತ 6,018 ಅರ್ಜಿ ಆನ್‌ಲೈನಿನಲ್ಲಿ ಬಂದವು. ವಿಚಾರಿಸಿದಾಗ ಸರಿಯಾದದ್ದು 24 ಮಾತ್ರ. ಬೂತಿನ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರನ್ನೇ ತೆಗೆಯಲು ಅರ್ಜಿ ಬಂದದ್ದು ಕಂಡು ಬೆಚ್ಚಿದ್ದರಿಂದ ವಿಷಯ ಬಯಲಾಯಿತು. ಕಂಪ್ಯೂಟರಿಗೆ ಕಾಣದ್ದು ಊರಿನವರ ಕಣ್ಣಿಗೆ ಕಂಡಿತು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. 2025ರ ಆಗಸ್ಟಿನಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ಮಹದೇವಪುರದಲ್ಲಿ ಲಕ್ಷ ವೋಟಿನ ಮೋಸ ಅಂದರು. ವಾರದೊಳಗೆ ಬಿಜೆಪಿಯ ಅನುರಾಗ್ ಠಾಕೂರ್ ವಯನಾಡು ಕ್ಷೇತ್ರದಲ್ಲಿ 93,499 ಸಂಶಯದ ಮತದಾರರಿದ್ದಾರೆ ಅಂದರು. ಒಂದೇ ವಿಳಾಸದಲ್ಲಿ ಹತ್ತಾರು ಹೆಸರು ಕಂಡರೆ ದೆಹಲಿಯವರಿಗೆ ಸಂಶಯ ಬರಬಹುದು. ತೋಟದ ಪಾಡಿಗಳನ್ನೂ ಹಾಡಿಗಳನ್ನೂ ಕಂಡ ನನಗೆ ಅಷ್ಟರಿಂದಲೇ ಮೋಸ ಅನ್ನಲು ಬಾಯಿ ಬರುವುದಿಲ್ಲ. ಎಲ್ಲ ಸರಿಯಿದೆ ಅನ್ನಲೂ ಬರುವುದಿಲ್ಲ. ಕಬಿನಿಯ ಆಚೆ ಬೈರಕುಪ್ಪೆ, ಈಚೆ ಪೆರಿಕ್ಕಲ್ಲೂರು. ಮದುವೆಯಾಗಿ ಹೊಳೆ ದಾಟಿದ ಹುಡುಗಿಯ ಹೆಸರು ತವರಿನ ಪಟ್ಟಿಯಿಂದ ತಾನಾಗಿ ದಾಟುವುದಿಲ್ಲ. ತೀರಿಕೊಂಡ ಅಜ್ಜನ ಹೆಸರು ತೆಗೆಸಲು ಅರ್ಜಿ ಹಾಕುವವರು ಎಷ್ಟು ಮಂದಿ?

2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲ ಕೊಚ್ಚಿಹೋದವು. ನವೆಂಬರ್ 13ಕ್ಕೆ ಉಪಚುನಾವಣೆ. ಉಳಿದವರು ದೂರದ ಬಾಡಿಗೆ ಮನೆಗಳಿಂದ ಬಸ್ಸಿನಲ್ಲಿ ಬಂದು ವೋಟು ಹಾಕಿದರು. ಸತ್ತವರು ಯಾರು, ಕಾಣೆಯಾದವರು ಯಾರು, ಬೇರೆ ಕಡೆ ಹೋದವರು ಯಾರು, ಇದನ್ನು ಆಫೀಸಿನ ಮೇಜು ಹೇಳಲಾರದು, ನೆರೆಯವರು ಹೇಳಬಲ್ಲರು.

ಮರುವರ್ಷ ನವೆಂಬರಿನಲ್ಲಿ ಕೇರಳದ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಇದಕ್ಕೆ ಮುಂಚೆ ಆದದ್ದು 2002ರಲ್ಲಿ. ಡಿಸೆಂಬರ್ 23ರ ಕರಡು ಪಟ್ಟಿಯಲ್ಲಿ ಸುಮಾರು 24 ಲಕ್ಷ ಹೆಸರು ಇರಲಿಲ್ಲ. ಅದರಲ್ಲಿ ಸತ್ತವರು ಆರೂವರೆ ಲಕ್ಷದಷ್ಟು. ಹತ್ತಿರಹತ್ತಿರ ಅಷ್ಟೇ ಮಂದಿ 'ಪತ್ತೆಯಾಗದವರು'. ಮೊದಲ ಅಂಕಿ ಪಟ್ಟಿ ಎಷ್ಟು ಹಳತಾಗಿತ್ತು ಅನ್ನುತ್ತದೆ. ಎರಡನೆಯದು ನನ್ನನ್ನು ಕಾಡುತ್ತದೆ. ಶುಂಠಿ ಕೆಲಸಕ್ಕೆ, ಕಾಫಿ ಕೊಯ್ಲಿಗೆ ಕೊಡಗಿಗೆ ಹೋದ ಪಣಿಯರ ಮನೆ ಬಾಗಿಲು ಹಾಕಿದ್ದರೆ ಅವರು ಪತ್ತೆಯಾಗದವರೇ? ಸತ್ತವರು ಹೆಸರು ಹೋಯಿತು ಅಂತ ದೂರುವುದಿಲ್ಲ. ಬದುಕಿದವರಿಗೆ ಗೊತ್ತಾಗುವುದು ಬೂತಿನ ಬಾಗಿಲಲ್ಲಿ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಆದ್ದರಿಂದ ನನ್ನದೊಂದು ಸಲಹೆ. ಕರಡು ಪಟ್ಟಿ ಬಂದಾಗಲೆಲ್ಲ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ನಮ್ಮ ಬೂತಿನ ಹೆಸರುಗಳನ್ನು ಗಟ್ಟಿಯಾಗಿ ಓದೋಣ. ಎಲ್ಲ ಪಕ್ಷದವರೂ ಕೂರಲಿ, ಹಾಡಿಯವರನ್ನು ಮೊದಲು ಕರೆಯೋಣ. ಸೇರಿಸಲು ನಮೂನೆ 6, ತೆಗೆಸಲು 7, ತಿದ್ದಲು 8, ಮಾಸ್ತರರು ತುಂಬಿಕೊಟ್ಟಾರು. ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅನ್ನುವುದನ್ನೂ ಅವತ್ತೇ ಹೇಳಿಬಿಡೋಣ.