ಅಸ್ಸೂಫಿ ಕಂಡ ಪುಟ್ಟ ಮೋಡ

ಹಿಜರಿ 353, ಅಂದರೆ ಕ್ರಿ.ಶ. 964ರ ಸುಮಾರಿಗೆ, ಬುವೈಹಿ ಅಮೀರ ಅದುದುದ್ದೌಲನ ಆಶ್ರಯದಲ್ಲಿದ್ದ ಖಗೋಲಜ್ಞ ಅಬ್ದುರ್ರಹ್ಮಾನ್ ಅಸ್ಸೂಫಿಯವರು ಸ್ಥಿರ ನಕ್ಷತ್ರಗಳ ಕುರಿತು ಒಂದು ಮಹಾಗ್ರಂಥವನ್ನು ರಚಿಸಿದರು. ಇಂದಿನ ಇರಾನ್‌ನ ರಯ್ ನಗರದಲ್ಲಿ ಜನಿಸಿದ ಅವರ ಕೈಯಲ್ಲಿ ದೂರದರ್ಶಕವಿರಲಿಲ್ಲ. ಅದು ಜಗತ್ತಿಗೆ ಬಂದದ್ದು ಆರು ಶತಮಾನಗಳ ಬಳಿಕ. ಗ್ರೀಕ್ ವಿದ್ವಾಂಸ ಟಾಲೆಮಿಯ ನಕ್ಷತ್ರಪಟ್ಟಿಯನ್ನು ಮುಂದಿಟ್ಟುಕೊಂಡು, ತಾರೆಗಳ ಕಾಂತಿಯನ್ನು ಸ್ವತಃ ಕಣ್ಣಾರೆ ಪರೀಕ್ಷಿಸಿ, ತಪ್ಪಿದ್ದಲ್ಲಿ ಅವರು ತಿದ್ದಿದರು.

ಆ ಗ್ರಂಥದಲ್ಲಿ, ದೇವಯಾನಿ ನಕ್ಷತ್ರಪುಂಜದ ಬಳಿ ಅರಬರು ಕಲ್ಪಿಸಿಕೊಂಡಿದ್ದ ಮೀನಿನ ಬಾಯಿಯ ಹತ್ತಿರ ಒಂದು ಪುಟ್ಟ ಮೋಡವಿದೆಯೆಂದು ಅವರು ಗುರುತಿಸಿದ್ದಾರೆ. ಅದರ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅದುವೇ.

ಮಂಜಿನಂತೆ ಕಾಣುವ ಇಂತಹ ಮಸುಕುಗಳನ್ನೆಲ್ಲ ಬಹುಕಾಲ ‘ನೀಹಾರಿಕೆ’ ಎಂದೇ ಕರೆಯಲಾಗುತ್ತಿತ್ತು. 1864ರಲ್ಲಿ ವಿಲಿಯಂ ಹಗಿನ್ಸ್ ಎಂಬ ಇಂಗ್ಲಿಷ್ ಖಗೋಲಜ್ಞ ಅವುಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ, ಕೆಲವು ನಿಜಕ್ಕೂ ಹೊಳೆಯುವ ಅನಿಲವೆಂದು ತಿಳಿಯಿತು. ದೇವಯಾನಿಯ ಬೆಳಕು ಮಾತ್ರ ನಕ್ಷತ್ರಗಳ ಬೆಳಕನ್ನು ಹೋಲುತ್ತಿತ್ತು. 1920ರ ದಶಕದಲ್ಲಿ ಎಡ್ವಿನ್ ಹಬಲ್ ಅದರ ದೂರವನ್ನು ಅಳೆದರು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಇನ್ನೊಂದು ಗ್ಯಾಲಕ್ಸಿ ಎಂಬುದು ಇಂದು ನಮಗೆ ತಿಳಿದಿದೆ.

ಹಾಗಾದರೆ ನಿಜವಾದ ನೀಹಾರಿಕೆ ಯಾವುದು? ನಕ್ಷತ್ರಗಳ ನಡುವೆ ಜಲಜನಕ, ಹೀಲಿಯಂ ಹಾಗೂ ನವಿರಾದ ಧೂಳು ಹರಡಿಕೊಂಡಿವೆ. ತಣ್ಣನೆಯ, ದಟ್ಟವಾದ ಭಾಗಗಳು ತಮ್ಮದೇ ಗುರುತ್ವದಿಂದ ಕುಸಿದು ನಕ್ಷತ್ರಗಳಾಗುತ್ತವೆ. ಹೀಗೆ ಜನಿಸಿದ ಬಿಸಿ ತಾರೆಗಳ ಅತಿನೇರಳೆ ಕಿರಣಗಳು ಸುತ್ತಲಿನ ಅನಿಲವನ್ನು ಬೆಳಗಿಸುತ್ತವೆ. ಮಹಾವ್ಯಾಧನ ಖಡ್ಗದಲ್ಲಿ ಕಾಣುವ ನೀಹಾರಿಕೆ ಇಂತಹ ತೊಟ್ಟಿಲು. ಇನ್ನು ಕೆಲವು, ತಾರೆಯ ಮರಣದಿಂದ ಹುಟ್ಟುತ್ತವೆ. ಸೂರ್ಯನಂತಹ ತಾರೆ ಕೊನೆಗಾಲದಲ್ಲಿ ತನ್ನ ಹೊರಪದರಗಳನ್ನು ಕಳಚುತ್ತದೆ. ಭಾರೀ ತಾರೆ ಸಿಡಿದು ಚದುರುತ್ತದೆ. ಹೀಗೆ ಚದುರಿದ ದ್ರವ್ಯವೇ ಮುಂದಿನ ತಾರೆಗಳಿಗೆ ಸಾಮಗ್ರಿಯಾಗುತ್ತದೆ.

1054ರಲ್ಲಿ ಸಿಡಿದ ಒಂದು ತಾರೆ 23 ದಿನಗಳ ಕಾಲ ಹಗಲಿನಲ್ಲೂ ಕಾಣಿಸಿತೆಂದು ಚೀನೀಯರು ಬರೆದಿಟ್ಟರು. ಅದರ ಅವಶೇಷವೇ ವೃಷಭ ರಾಶಿಯ ಏಡಿ ನೀಹಾರಿಕೆ. ಬಗ್ದಾದಿನ ಕ್ರೈಸ್ತ ವೈದ್ಯ ಇಬ್ನ್ ಬುತ್ಲಾನ್ ಹಿಜರಿ 446ರ ಹೊಸ ತಾರೆಯೊಂದನ್ನು ದಾಖಲಿಸಿದ್ದು, ಅದು ಇದೇ ಇರಬೇಕೆಂದು ಹಲವು ಸಂಶೋಧಕರ ಅಭಿಪ್ರಾಯ. ಆ ಬರಹವನ್ನು ಉಳಿಸಿಕೊಟ್ಟವರು 13ನೇ ಶತಮಾನದ ಮುಸ್ಲಿಂ ವೈದ್ಯ ಇಬ್ನ್ ಅಬೀ ಉಸೈಬಿಅ. ಆ ತಾರೆಯೇ ಸಾಂಕ್ರಾಮಿಕ ರೋಗಕ್ಕೆ ಕಾರಣವೆಂಬ ಇಬ್ನ್ ಬುತ್ಲಾನರ ಊಹೆ ನಿಲ್ಲಲಿಲ್ಲ. ಕಂಡದ್ದನ್ನು ಬರೆದದ್ದು ನಿಂತಿತು.

‘ಅಸ್ಸೂಫಿ ಗ್ಯಾಲಕ್ಸಿಯನ್ನು ಕಂಡುಹಿಡಿದರು’ ಎಂದು ನಾವು ಅಭಿಮಾನದಿಂದ ಹೇಳುವುದುಂಟು. ಆದರೆ ಅವರು ಹಾಗೆ ಹೇಳಿಕೊಂಡಿಲ್ಲ. ಮೋಡದಂತೆ ಕಂಡಿತು, ಮೋಡವೆಂದೇ ಬರೆದರು. ಜ್ಞಾನದ ವಿಷಯದಲ್ಲಿ ಅಮಾನತ್ ಎಂದರೆ ಇದೇ. ಅವರು ಹೇಳದ್ದನ್ನು ಅವರ ಹೆಸರಿಗೆ ಸೇರಿಸಿದರೆ, ಅವರ ಹಿರಿಮೆ ಹೆಚ್ಚುವುದಿಲ್ಲ. ನಮ್ಮ ಮಾತಿನ ಮೇಲಿನ ನಂಬಿಕೆ ತಗ್ಗುತ್ತದೆ.

ನವೆಂಬರ್ ತಿಂಗಳ ಚಂದ್ರನಿಲ್ಲದ ಒಂದು ರಾತ್ರಿ, ಇಶಾ ನಮಾಝಿನ ಬಳಿಕ, ದೀಪಗಳಿಲ್ಲದ ಕಡೆಗೆ ಮಕ್ಕಳನ್ನು ಕರೆದೊಯ್ಯಿರಿ. ಉತ್ತರದ ಕಡೆ ಎತ್ತರದಲ್ಲಿ ಆ ಪುಟ್ಟ ಮೋಡ ಇಂದಿಗೂ ಇದೆ. ಮೊದಲು ಮಕ್ಕಳೇ ನೋಡಲಿ, ಕಂಡದ್ದನ್ನು ಬರೆಯಲಿ. ಹೆಸರನ್ನು ಆಮೇಲೆ ಹೇಳಿಕೊಡೋಣ.