ತೊನ್ನು ಮತ್ತು ಸೂರ್ಯ

(ಬಾನುಲಿ ಭಾಷಣ)

ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಪರ್ಷಿಯನ್ನರ ನಡೆನುಡಿಗಳನ್ನು ವರ್ಣಿಸುತ್ತ ಒಂದು ಸಂಗತಿಯನ್ನು ಹೇಳಿದ್ದಾನೆ. ಮೈಮೇಲೆ ಬಿಳಿಯ ಕಲೆಯೆದ್ದವನು ಅವರ ಊರೊಳಗೆ ಕಾಲಿಡುವಂತಿರಲಿಲ್ಲವಂತೆ; ಸೂರ್ಯನಿಗೆ ಅಪಚಾರವೆಸಗಿದ್ದರ ಫಲವೇ ಆ ಕಲೆ ಎಂಬುದು ಅವರ ನಂಬಿಕೆ. ನಾವೂ ಹಿಂದೆ ಬೀಳಲಿಲ್ಲ. ತೊನ್ನಿಗೆ ‘ಬಿಳಿ ಕುಷ್ಠ’ವೆಂದು ಹೆಸರಿಟ್ಟೆವು. ಕುಷ್ಠಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಅಂಟುವ ರೋಗವೂ ಅಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಾಶಮಾಡುವುದರಿಂದ ಈ ಕಲೆಗಳು ಮೂಡುತ್ತವೆ.

ಪರ್ಷಿಯನ್ನರು ಆಪಾದಿಸಿದ ಆ ಸೂರ್ಯನನ್ನೇ ನಮ್ಮ ಹಿರಿಯರು ವೈದ್ಯನನ್ನಾಗಿ ಮಾಡಿಕೊಂಡರು. ‘ಕಿಲಾಸ’ವೆಂಬ ಹೆಸರಿನಲ್ಲಿ ಈ ರೋಗದ ಪ್ರಸ್ತಾಪ ಅಥರ್ವವೇದದಲ್ಲಿಯೇ ಉಂಟು. ಆಯುರ್ವೇದವು ಬಾಕುಚಿ, ಎಂದರೆ ಬಾವಂಚಿಯ ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿಗೆ ಕೂರಿಸಿತು. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ರಸಾಯನಶಾಸ್ತ್ರಜ್ಞರು ಆ ಬೀಜದಿಂದ ಸೊರಾಲೆನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೋಫ್ಟಿ ಇದೇ ಬಗೆಯ ದ್ರವ್ಯವನ್ನು ಬಿಸಿಲಿನೊಡನೆ ಬಳಸಿ ಚಿಕಿತ್ಸೆ ನೀಡಿದರು.

ಅತ್ತ ಯೂರೋಪಿನಲ್ಲಿ ಸೂರ್ಯನ ಇನ್ನೊಂದು ಕಥೆ ನಡೆದಿತ್ತು. ಮಕ್ಕಳ ಮೂಳೆ ಬಾಗುವ ರಿಕೆಟ್ಸ್ ರೋಗವನ್ನು ನೇರಳಾತೀತ ಕಿರಣಗಳಿಂದ ಗುಣಪಡಿಸಬಹುದೆಂದು 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ತೋರಿಸಿಕೊಟ್ಟರು. 1922ರಲ್ಲಿ ಮೆಕಾಲಮ್, ರಿಕೆಟ್ಸನ್ನು ತಡೆಯುವ ಪೋಷಕಾಂಶಕ್ಕೆ ‘ಡಿ’ ಜೀವಸತ್ತ್ವವೆಂದು ಹೆಸರಿಟ್ಟರು. ಬಿಸಿಲು ಬಿದ್ದಾಗ ನಮ್ಮ ಚರ್ಮವೇ ಅದನ್ನು ತಯಾರಿಸುತ್ತದೆ. ಮೂಳೆಯ ವೈದ್ಯರ ಸ್ವತ್ತಾಗಿದ್ದ ಈ ಜೀವಸತ್ತ್ವವು, 1985ರಲ್ಲಿ ಜಪಾನಿನ ಸೋರಿಯಾಸಿಸ್ ರೋಗಿಯೊಬ್ಬನಿಗೆ ಗುಣ ಕಂಡ ಮೇಲೆ, ಚರ್ಮವೈದ್ಯರ ಕೈಗೂ ಬಂದಿತು. ಬಣ್ಣದ ಕಣಗಳಲ್ಲಿಯೂ ಅದನ್ನು ಗ್ರಹಿಸುವ ಏರ್ಪಾಡು ಇರುವುದು ಕಂಡುಬಂದಿದೆ. 1998ರಲ್ಲಿ ಭಾರತದ ವೈದ್ಯರು, ಸೊರಾಲೆನ್ ಮತ್ತು ಬಿಸಿಲಿನ ಚಿಕಿತ್ಸೆಗೆ ‘ಡಿ’ ವರ್ಗದ ಮುಲಾಮು ಸೇರಿಸಿದರೆ ಬಣ್ಣ ಬೇಗ ಮರಳುವುದೆಂದು ವರದಿ ಮಾಡಿದರು. ಹೀಗೆ ಎರಡು ಕಥೆಗಳೂ ಒಂದಾದವು. ಆದರೆ ಅನಂತರದ ಪರೀಕ್ಷೆಗಳೆಲ್ಲವೂ ಅದನ್ನು ಸಮರ್ಥಿಸಲಿಲ್ಲ.

ತೊನ್ನಿರುವವರ ರಕ್ತದಲ್ಲಿ ‘ಡಿ’ ಕಡಮೆಯೆಂದು ಹಲವು ಅಧ್ಯಯನಗಳು ಹೇಳಿವೆ. 2013ರಲ್ಲಿ ಬ್ರೆಜಿಲ್ಲಿನ ವೈದ್ಯರು ತೊನ್ನಿದ್ದ 16 ಮಂದಿಗೆ ಆರು ತಿಂಗಳು ದಿನಕ್ಕೆ 35,000 ಯೂನಿಟ್ಟಿನಂತೆ ಕೊಟ್ಟು ನೋಡಿದರು; 14 ಮಂದಿಯಲ್ಲಿ ಬಣ್ಣ ಒಂದಿಷ್ಟು ಮರಳಿತು. ಆದರೆ ಔಷಧ ಕೊಡದೆ ಹೋಲಿಸಿ ನೋಡಿದ ಗುಂಪು ಅಲ್ಲಿರಲಿಲ್ಲ. ಅಷ್ಟು ದೊಡ್ಡ ಪ್ರಮಾಣವನ್ನು ವೈದ್ಯರ ಕಣ್ಗಾವಲಿಲ್ಲದೆ ಸೇವಿಸಿದರೆ ರಕ್ತದಲ್ಲಿ ಸುಣ್ಣದಂಶವೇರಿ ಮೂತ್ರಪಿಂಡ ಕೆಡಬಹುದು.

ಇಲ್ಲಿ ಇತಿಹಾಸವು ನಮ್ಮನ್ನೊಂದು ಪ್ರಶ್ನೆ ಕೇಳುತ್ತದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಕಡುಬೇಸಗೆಯಲ್ಲಿಯೂ ತುಂಬುತೋಳಿನ ಅಂಗಿ ತೊಟ್ಟು, ಗೋಡೆಯ ಬದಿಗೆ ಕೂರುತ್ತಿದ್ದ ವಿದ್ಯಾರ್ಥಿಯೊಬ್ಬನಿದ್ದ. ಕಲೆಯ ಚರ್ಮ ಬಿಸಿಲಿಗೆ ಬೇಗ ಬೇಯುತ್ತದೆ, ನಿಜ. ಅವನನ್ನು ಮರೆಗೆ ತಳ್ಳಿದ್ದು ಬಿಸಿಲಿಗಿಂತ ಹೆಚ್ಚಾಗಿ ನಮ್ಮ ನೋಟ. ಹಾಗೆ ಮರೆಯಲ್ಲಿ ಬಾಳುವವರ ರಕ್ತದಲ್ಲಿ ‘ಡಿ’ ಕಡಮೆಯಾದರೆ, ಆ ಕೊರತೆಯು ರೋಗಕ್ಕೆ ಕಾರಣವೋ, ಅವರ ಮೇಲೆ ನಾವು ಹೊರಿಸಿದ ನಾಚಿಕೆಯ ಫಲವೋ? ವಿಜ್ಞಾನವು ಇದನ್ನು ಇನ್ನೂ ಇತ್ಯರ್ಥಪಡಿಸಿಲ್ಲ. ಊರಿನ ಬಾಗಿಲನ್ನು ತೆರೆಯುವುದಕ್ಕೆ ಮಾತ್ರ ನಾವು ಆ ತೀರ್ಪಿಗಾಗಿ ಕಾಯಬೇಕಾಗಿಲ್ಲ.