ಪದ ಪರಿಚಯ: ಬಾಲ್‌ಪಾರ್ಕ್

ಪುಣೆಯ ವಾಕಡದಲ್ಲಿ ಮನೆ ಮಾಡಿ ಪಕ್ಕದ ಹಿಂಜವಡಿಯ ಐಟಿ ಕಚೇರಿಗಳಿಗೆ ಹೋಗಿಬರುವ ಕನ್ನಡಿಗರಿಗೆ ‘ಒಂದು ಬಾಲ್‌ಪಾರ್ಕ್ ಫಿಗರ್ ಕೊಡಿ’ ಎಂಬ ಮಾತು ಹೊಸದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಸಲ ಕೇಳಿದಾಗ ತಡವರಿಸುವುದು ಸಹಜ. ಬಾಲೂ ಗೊತ್ತು, ಪಾರ್ಕೂ ಗೊತ್ತು. ಎರಡೂ ಕೂಡಿದರೆ ಲೆಕ್ಕಕ್ಕೇನು ಸಂಬಂಧ?

ಬಾಲ್‌ಪಾರ್ಕ್ ಎಂದರೆ ಅಮೆರಿಕದ ಬೇಸ್‌ಬಾಲ್ ಮೈದಾನ. ಚೆಂಡು ಇಂಥಲ್ಲೇ ಬಿತ್ತೆಂದು ಹೇಳಲಾಗದಿದ್ದರೂ ಮೈದಾನದೊಳಗೇ ಇದೆ ಎನ್ನಬಹುದಲ್ಲ, ಆ ಭಾವ. 1960ರ ದಶಕದ ಹೊತ್ತಿಗೆ ‘ಸರಿಸುಮಾರು ಲೆಕ್ಕ’ ಎಂಬ ಅರ್ಥ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತ್ತು. ಕೇಳುವವರಿಗೆ ಬೇಕಾದದ್ದು ಪೈಸೆ ಪೈಸೆಯ ಲೆಕ್ಕವಲ್ಲ. ‘ಎಂಟರಿಂದ ಹತ್ತು ದಿನ’ ಎಂದರೆ ಸಾಕು.

ನಮ್ಮ ‘ಅಂದಾಜು’ ಇದೇ ಕೆಲಸ ಮಾಡುತ್ತದೆ. ಅದರ ಮೂಲ ಪಾರಸಿ. ಅಲ್ಲಿ ‘ಅಂದಾಜಾ’ ಎಂದರೆ ಅಳತೆ. ‘ಸುಮಾರು’ ಕೂಡ ಪಾರಸಿಯದೇ; ಎಣಿಕೆ ಎಂಬ ಅರ್ಥದ ‘ಶುಮಾರ್’ನಿಂದ ಬಂದದ್ದು. ಅಳೆಯುವ, ಎಣಿಸುವ ಪದಗಳೇ ನಮ್ಮಲ್ಲಿ ನಿಖರವಲ್ಲದ್ದನ್ನು ಹೇಳುತ್ತಿರುವುದು ನನಗೆ ಬಹಳ ಇಷ್ಟ. ವಾಕಡದ ತರಕಾರಿ ಅಂಗಡಿಯಲ್ಲಿ ‘ಅಂದಾಜೆ’, ‘ಸುಮಾರೆ’ ಎಂಬ ಮರಾಠಿ ಮಾತು ಕನ್ನಡ ಕಿವಿಗೆ ತಾನಾಗಿ ತಿಳಿಯುತ್ತದೆ. ಉತ್ತರ ಕರ್ನಾಟಕದ ‘ಅಜಮಾಸು’ ಕೂಡ ಅಲ್ಲಿ ‘ಅಜಮಾಸ್’ ಆಗಿ ಎದುರಾಗುತ್ತದೆ. ಅಪ್ಪಟ ಕನ್ನಡವೇ ಬೇಕೆಂದರೆ ‘ಕಣ್ಣಳತೆ’ ಇದೆ.

‘ಬಾಲ್‌ಪಾರ್ಕ್ ಫಿಗರ್’ನಂಥ ನುಡಿಗಟ್ಟನ್ನು ಬಿಡಿಬಿಡಿಯಾಗಿ ಒಡೆದು ಕಲಿಯಬೇಡಿ. ಅರ್ಥವಾಗದಿದ್ದರೆ ಅಲ್ಲೇ ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ.